ಕೆಂಚಪ್ಪನವರ ಹಾಲುಮರಿ

ಆ ಶುಕ್ರವಾರ ಬೆಳಿಗ್ಗೆ ಬಹರೈನಿನ ಮನಾಮಾ ಪಟ್ಟಣದ ನನ್ನ ಮಾಂಸದಂಗಡಿಯಲ್ಲಿ ಇದ್ದವರು ನಾಲ್ಕೇ ಮಂದಿ. ಗಲ್ಲಾದ ಹಿಂದೆ ನಾನು, ಮರದ ದಿಮ್ಮಿಯ ಮುಂದೆ ಕತ್ತಿ ಹಿಡಿದ ಬಾಂಗ್ಲಾದ ಶಫೀಕ್, ಗಾಜಿನ ಪೆಟ್ಟಿಗೆಯ ಈಚೆ ಸುರತ್ಕಲ್ ಕಡೆಯ ಒಬ್ಬ ಟೀಚರಮ್ಮ, ಅವರ ಬೆನ್ನ ಹಿಂದೆ ಇಸ್ತ್ರಿಯ ಬಿಳಿ ಶರ್ಟು ತೊಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಕಾವಲಿರುವ ಮೇಷ್ಟ್ರ ಹಾಗೆ ನಿಂತಿದ್ದ ಕೆಂಚಪ್ಪನವರು.

"ಒಂದು ಕಿಲೋ ಮಟನ್ ಕೊಡಿ ಮಾರ್ರೆ," ಎಂದರು ಟೀಚರಮ್ಮ.

ನಾನು ಕಣ್ಣು ಮುಚ್ಚಿಕೊಂಡೆ. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು.

"ಯಾವುದ್ರ ಮಟನ್ನಮ್ಮಾ?" ಹಿಂದಿನಿಂದ ಪ್ರಶ್ನೆ ಬಂತು.

ಟೀಚರಮ್ಮ ಬೆಚ್ಚಿ ತಿರುಗಿದರು. "ಯಾವುದ್ರದ್ದು ಅಂದ್ರೆ? ಮಟನ್. ಮಟನ್‌ದೇ."

"ಮಟನ್ ಅನ್ನೋ ಪ್ರಾಣಿ ಈ ಭೂಮಿ ಮೇಲಿಲ್ಲ ತಾಯಿ. ಕುರಿಯೋ ಮೇಕೆಯೋ? ಕುರಿ ಆದ್ರೆ ಮರಿಯೋ, ಟಗರೋ, ಈದು ಸುಸ್ತಾದ ಕುರಿಯೋ? ಮೇಕೆ ಆದ್ರೆ ಹೋತವೋ, ಹಾಲು ಬಿಡದ ಮರಿಯೋ? ನೀವು ಮನೇಲಿ ಯಾವುದನ್ನ ತಿಂತಿದೀರಿ ಅಂತ ನಿಮಗಾದ್ರೂ ಗೊತ್ತಿರಬೇಕಲ್ವಾ?"

ಟೀಚರಮ್ಮ ನನ್ನ ಮುಖ ನೋಡಿದರು. ನಾನು ತಕ್ಕಡಿ ಒರೆಸುವವನಂತೆ ನಟಿಸಿದೆ. ಕಡೆಗೆ ಅವರು ಕೋಳಿ ಕೊಡಿ ಎಂದರು. "ಹ್ಯಾಟೆಯೋ ಹುಂಜವೋ?" ಎಂದು ಕೆಂಚಪ್ಪನವರು ಶುರು ಮಾಡುವಷ್ಟರಲ್ಲಿ ಅವರು ಕೋಳಿಯನ್ನೂ ಬಿಟ್ಟು ಬೀದಿ ಸೇರಿದ್ದರು. ಆಮೇಲೆ ಅವರು ನನ್ನ ಅಂಗಡಿಯ ಮುಂದೆ ಹೋಗುವಾಗ ಎದುರಿನ ಫುಟ್‌ಪಾತಿನಲ್ಲಿ ನಡೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಹೀಗೆ ನನ್ನ ಗಿರಾಕಿಗಳನ್ನು ಓಡಿಸುವ ಕೆಲಸವನ್ನು ಕೆಂಚಪ್ಪನವರು ವರ್ಷಗಟ್ಟಲೆ ಬಿಟ್ಟಿಯಾಗಿ ಮಾಡಿದರು. ಅವರ ಸಂಬಳದ ಕೆಲಸ ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ವಿಮೆ ಕಂಪನಿಯಲ್ಲಿ, ಲೆಕ್ಕ ತಪಾಸಣೆ. ಮನೆ ಅದ್ಲಿಯಾದಲ್ಲಿ, ಎರಡು ಕಾಫಿ ಅಂಗಡಿಗಳ ನಡುವೆ ಸಿಕ್ಕಿಕೊಂಡ ಹಳೆಯ ಕಟ್ಟಡದ ಫ್ಲ್ಯಾಟು. ಊರು ಶಿರಾದ ಆಚೆ, ಕುರಿಗಾರರ ಒಂದು ಹಟ್ಟಿ. ಆ ಹಟ್ಟಿಯ ಹೆಸರೆತ್ತುವ ಸಂದರ್ಭವನ್ನು ಅವರು ಎಂದೂ ಬಿಟ್ಟವರಲ್ಲ. ಆಫೀಸಿನ ಲಿಫ್ಟ್ ಕೆಟ್ಟು ನಿಂತರೂ, "ನಮ್ಮ ಹಟ್ಟೀಲಿ ಕುರಿ ರೊಪ್ಪದ ಬಾಗಿಲು ಇದಕ್ಕಿಂತ ವಾಸಿ" ಎನ್ನುವವರು.

ನನ್ನ ಮನೆಮಾತು ಬ್ಯಾರಿ, ಬೀದಿಯ ಮಾತು ತುಳು. ಕನ್ನಡವನ್ನು ನನಗೆ ಶಾಲೆಗಿಂತ ಹೆಚ್ಚು ಕಲಿಸಿದವರು ಊರಿನ ಅಂಗಡಿ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ ಹಿರಿಯರು. ಬಹರೈನಿಗೆ ಬಂದ ಮೇಲೆ ಉಳಿದ ಪಾಠವನ್ನು ಕೆಂಚಪ್ಪನವರು, ಯಾರೂ ಕೇಳದೆ, ವಹಿಸಿಕೊಂಡರು.

"ನಿಮ್ಮ ಕಡೆ ಕರುವಿಗೂ ಕಂಜಿ, ಆಡಿನ ಮರಿಗೂ ಕಂಜಿ. ಒಂದೇ ಮಾತಲ್ಲಿ ಸಂಸಾರ ಮುಗಿಸಿಬಿಡ್ತೀರಲ್ಲಯ್ಯಾ ರಜಾಕು," ಎನ್ನುತ್ತಿದ್ದರು. "ನಮ್ಮಲ್ಲಿ ನೋಡು. ಹುಟ್ಟಿದ್ದು ಹಾಲುಮರಿ. ಹುಲ್ಲು ಮುಟ್ಟಿದ್ರೆ ಮೇವುಮರಿ. ಆಮೇಲೆ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಲ್ಲ ಬಂದ್ರೆ ಬಾಯಿಗೂಡಿದ್ದು. ಹಸುವಾದ್ರೆ ಈಯದ್ದು ಕಡಸು, ಇನ್ನು ಈಯೋದೇ ಇಲ್ಲ ಅಂದ್ರೆ ಗೊಡ್ಡು."

"ಮತ್ತೆ ರುಚಿ ಸಾರ್?"

"ಹಾಲುಮರಿ ಬಾಡು ಬಾಣಂತಿಗೆ. ಎರಡು ಹಲ್ಲಿಂದು ಮನೆಯವರಿಗೆ. ನಾಲ್ಕು ಹಲ್ಲಿಂದು ಮದುವೆಗೆ. ಬಾಯಿಗೂಡಿದ್ದು ನೆಂಟರಿಗೆ, ಅದೂ ಬೇಗ ಎದ್ದು ಹೋಗಲಿ ಅನ್ನೋ ನೆಂಟರಿಗೆ."

ಮನುಷ್ಯರನ್ನೂ ಅವರು ಇದೇ ತಕ್ಕಡಿಯಲ್ಲಿ ತೂಗುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಹಾಲುಮರಿಗಳು. ಜಿಮ್ಮಿಗೆ ಹೋಗಿ ಬಿಗಿ ಬನಿಯನ್ ಹಾಕಿಕೊಂಡವನು ಟಗರು. ಅವರ ಮೇಲಧಿಕಾರಿ ಗೊಡ್ಡು. ನಾನು ಏನೆಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. ನನ್ನ ಹೊಟ್ಟೆಯನ್ನು ನೋಡಿ, "ನಿನ್ನ ವಿಷಯ ಹಬ್ಬದ ಹಿಂದಿನ ದಿನ ಹೇಳ್ತೀನಿ" ಎಂದರು.

ಅದ್ಲಿಯಾದ ಒಂದು ದೊಡ್ಡ ಹೋಟೆಲಿನಲ್ಲಿ ಯಾರದೋ ಬಡ್ತಿಯ ಪಾರ್ಟಿ ನಡೆದಾಗ ನಾನೂ ಅವರೂ ಒಂದೇ ಮೇಜಿನಲ್ಲಿದ್ದೆವು. ಮೆನುವಿನಲ್ಲಿ ಲ್ಯಾಂಬ್ ಎಂದು ಬರೆದಿತ್ತು. ಕೆಂಚಪ್ಪನವರು ಫಿಲಿಪೀನ್ಸಿನ ಹುಡುಗಿಯನ್ನು ಕರೆದು, ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಗಂಭೀರವಾಗಿ, "ಎಷ್ಟು ಹಲ್ಲು?" ಎಂದು ಕೇಳಿದರು. ಆ ಹುಡುಗಿ ಅವರ ಬಾಯಿಯನ್ನೇ ಮರುಕದಿಂದ ನೋಡಿ, "ಚಿಂತೆ ಬೇಡ ಸರ್, ನಮ್ಮಲ್ಲಿ ಸೂಪ್ ಕೂಡ ಇದೆ" ಎಂದಳು. ಕೆಂಚಪ್ಪನವರು ಇಡೀ ಪಾರ್ಟಿ ಮುಗಿಯುವವರೆಗೆ ಬರೀ ರೊಟ್ಟಿ ತಿಂದರು.

ಇನ್ನೊಮ್ಮೆ, ಇಲ್ಲಿನ ಕನ್ನಡ ಸಂಘದವರು ಮಕ್ಕಳ ತರಗತಿಗೆ ಅವರನ್ನು ಮೇಷ್ಟ್ರು ಮಾಡಿದ್ದರು. "ಎಮ್ಮೆಯ ಮಗುವಿಗೆ ಏನಂತಾರೆ?" ಎಂದು ಕೇಳಿದ್ದಕ್ಕೆ ಮಕ್ಕಳೆಲ್ಲ ಒಂದೇ ಸ್ವರದಲ್ಲಿ "ಬೇಬಿ ಎಮ್ಮೆ" ಎಂದವು. ಅಲ್ಲಿಂದ ಕೆಂಚಪ್ಪನವರ ನಾಲಿಗೆಗೆ ಕಡಿವಾಣವಿಲ್ಲ. ಕರು, ಮರಿ, ಪಿಳ್ಳೆ, ಕಡಸು ಎಲ್ಲ ಬಂದವು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಯಾವುದನ್ನು ಎಷ್ಟು ಹೊತ್ತು ಬೇಯಿಸಬೇಕೆಂಬಲ್ಲಿಗೆ ಪಾಠ ಬಂದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಬೆಂಗಳೂರಿನ ತಾಯಿಯೊಬ್ಬರು ಎದ್ದು, "ಸಾರ್, ನಮ್ಮ ಮಗೂಗೆ ವರ್ಣಮಾಲೆ ಸಾಕು, ಒಗ್ಗರಣೆ ಬೇಡ" ಎಂದರು. ಮುಂದಿನ ವಾರವೇ ಸಂಘದವರು ಕೆಂಚಪ್ಪನವರಿಗೆ ಶಾಲು ಹೊದಿಸಿದರು. ಯಾರನ್ನಾದರೂ ಕೈಬಿಡಬೇಕಾದರೆ ನಮ್ಮವರು ಮೊದಲು ಶಾಲು ಹೊದಿಸುತ್ತಾರೆ.

ಅವರ ಒಬ್ಬಳೇ ಮಗಳು ಶುಭಾ. ಬಹರೈನಿನಲ್ಲೇ ಬೆಳೆದವಳು, ಬ್ಯಾಂಕಿನಲ್ಲಿ ಕೆಲಸ. ಅವಳು ಮೆಚ್ಚಿದ ಹುಡುಗ ಮಂಜು ಚಳ್ಳಕೆರೆಯವನು, ಇಲ್ಲೇ ಎಂಜಿನಿಯರ್. ಕುಲ, ಸೀಮೆ, ಊಟ ಎಲ್ಲ ಹೊಂದುತ್ತಿತ್ತು. ಪ್ರೇಮವಿವಾಹದಲ್ಲಿ ಇಷ್ಟೊಂದು ಹೊಂದಾಣಿಕೆ ಕಂಡು ನನಗೇ ಸಂಶಯ ಬಂದಿತ್ತು. ಆದರೆ ಹುಡುಗನ ತಂದೆ ಹನುಮಂತಪ್ಪನವರು ಫೋನಿನಲ್ಲಿ ಒಂದು ಮಾತು ಹೇಳಿದ್ದರಂತೆ: "ಮರಳುಗಾಡಿನಲ್ಲಿ ಬೆಳೆದ ಹುಡುಗಿ. ಅವರಪ್ಪಗೆ ಕುರಿ ತಲೆ ಯಾವುದು ಬಾಲ ಯಾವುದು ಗೊತ್ತೈತೋ ಇಲ್ಲೋ. ಬಂದು ನೋಡಿ ಆಮೇಲೆ ಹೇಳ್ತೀನಿ."

ಈ ಮಾತು ಕೆಂಚಪ್ಪನವರ ಕಿವಿಗೆ ಬಿದ್ದ ದಿನದಿಂದ ಅವರು ನಿದ್ದೆ ಮಾಡಲಿಲ್ಲ. ಹುಡುಗನ ತಂದೆತಾಯಿ ವಿಸಿಟ್ ವೀಸಾದಲ್ಲಿ ಬಂದು ಮನಾಮಾದ ಹೋಟೆಲಿನಲ್ಲಿ ಇಳಿದರು. ಒಪ್ಪಿಗೆಯ ಊಟಕ್ಕೆ ಹಾಲುಮರಿಯೇ ಆಗಬೇಕು, ಅದನ್ನು ಬೀಗರ ಕಣ್ಣೆದುರೇ ತಾವು ಆರಿಸಬೇಕು ಎಂದು ಕೆಂಚಪ್ಪನವರು ಹಟ ಹಿಡಿದರು. ಹಿಂದಿನ ದಿನ ಶುಭಾ ಅಂಗಡಿಗೆ ಬಂದಳು.

"ರಜಾಕ್ ಅಂಕಲ್, ನಾಳೆ ಅಪ್ಪ ಜಾಸ್ತಿ ಮಾತಾಡದ ಹಾಗೆ ಸ್ವಲ್ಪ ನೋಡ್ಕೊಳ್ಳಿ ಪ್ಲೀಸ್."

"ಸಮುದ್ರ ಬತ್ತಿಸ್ಲಿಕ್ಕೆ ಹೇಳು ಮಗಾ, ಪ್ರಯತ್ನ ಮಾಡ್ತೇನೆ," ಎಂದೆ.

ಪಟ್ಟಣದ ಹೊರಗೆ ಜೀವಂತ ಕುರಿ ಮಾರುವ ದೊಡ್ಡಿಗಳಿವೆ. ನನ್ನ ಪಿಕಪ್ಪಿನಲ್ಲಿ ಇಬ್ಬರು ಬೀಗರೂ ನಾನೂ ಹೋದೆವು. ಹನುಮಂತಪ್ಪನವರು ದೊಡ್ಡ ದೇಹದ, ದೊಡ್ಡ ಮೀಸೆಯ ಮನುಷ್ಯ. ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಮೇಲೊಬ್ಬರು ಮಾತು ಪೇರಿಸಿದರು. ಒಬ್ಬರು ಹೋತ ಎಂದರೆ ಇನ್ನೊಬ್ಬರು ಟಗರು ಎಂದರು. ಒಬ್ಬರ ಅಜ್ಜ ತೋಳನ ಬಾಯಿಂದ ಮರಿಯನ್ನು ಕಿತ್ತು ತಂದಿದ್ದರೆ, ಇನ್ನೊಬ್ಬರ ಅಜ್ಜ ತೋಳವನ್ನೇ ಎಳೆದು ತಂದಿದ್ದರು. ನಾನು ಸ್ಟೀರಿಂಗ್ ಹಿಡಿದು ರಸ್ತೆ ನೋಡಿದೆ. ನಾನು ಪೆಟ್ಟಿಗೆಯಲ್ಲಿ ಬಂದ ಮಾಂಸ ಮಾರುವವನು. ಜೀವ ಇರುವ ಕುರಿಯ ಬಗ್ಗೆ ನನಗೆ ತಿಳಿದದ್ದು ಅದು ಒದೆಯುತ್ತದೆ ಎನ್ನುವಷ್ಟೇ.

ದೊಡ್ಡಿಯ ಯಜಮಾನ ಪೇಶಾವರದ ಕಡೆಯವನು, ಎಲ್ಲರೂ ಲಾಲಾ ಎನ್ನುತ್ತಾರೆ. ಕೆಂಚಪ್ಪನವರು ಸಾಲಾಗಿ ನಿಂತ ಕುರಿಗಳ ಮುಂದೆ ಸೇನಾಪತಿಯ ಹಾಗೆ ನಡೆದು, ಮೂಲೆಯಲ್ಲಿದ್ದ ಬಿಳಿ ಮೈ, ಕಪ್ಪು ತಲೆಯ ಒಂದು ಸಣ್ಣ ಕುರಿಯ ಎದುರು ನಿಂತರು. ಸೊಮಾಲಿಯಾದಿಂದ ಹಡಗಿನಲ್ಲಿ ಬರುವ ತಳಿ. ಎಷ್ಟು ವಯಸ್ಸಾದರೂ ಗಾತ್ರ ಅಷ್ಟೇ. ಕೆಂಚಪ್ಪನವರು ಬಗ್ಗಿ, ಎಡಗೈಯಲ್ಲಿ ಅದರ ಗದ್ದ ಹಿಡಿದು, ಬಲಗೈ ಹೆಬ್ಬೆರಳಿನಿಂದ ಮೇಲಿನ ತುಟಿ ಎತ್ತಿದರು.

"ಹಲ್ಲೇ ಇಲ್ಲ! ನೋಡಿ ಬೀಗರೇ, ಒಂದೂ ಹುಟ್ಟಿಲ್ಲ. ಅಪ್ಪಟ ಹಾಲುಮರಿ."

ಹನುಮಂತಪ್ಪನವರು ಹಿಂದೆ ಬೀಳುವವರೇ? ಅವರೂ ಬಗ್ಗಿ, ಅವರೂ ಮೇಲಿನ ತುಟಿಯನ್ನೇ ಎತ್ತಿ, ವಸಡಿನ ಮೇಲೆ ಬೆರಳಾಡಿಸಿದರು. "ಖರೆ ಐತ್ರಿ. ಬಾಯಾಗಿನ ಹಾಲು ಇನ್ನೂ ಆರಿಲ್ಲ."

ಕುರಿ ಇಬ್ಬರನ್ನೂ ಬೇಸರದಿಂದ ನೋಡಿತು. ಅದರ ಹೊಟ್ಟೆಯ ಕೆಳಗೆ ಜೋತ ಕೆಚ್ಚಲು ನನ್ನ ಕಣ್ಣಿಗೇ ಬೀಳುತ್ತಿತ್ತು. ಆದರೆ ಆ ಇಬ್ಬರು ಪಂಡಿತರು ಬಾಯಿ ಬಿಟ್ಟು ಕೆಳಗಿಳಿಯಲಿಲ್ಲ. ಲಾಲಾ ನನ್ನ ಕಿವಿಯ ಹತ್ತಿರ ಬಂದು, "ಭಾಯಿ, ಯೇ ತೋ ದಾದೀ ಹೈ," ಇದು ಅಜ್ಜಿಯಲ್ಲವೇ, ಎಂದು ಗಡ್ಡದೊಳಗೇ ನಕ್ಕ. ನಾನು ಅದನ್ನು ಕೆಂಚಪ್ಪನವರಿಗೆ ತಲುಪಿಸಿದೆ.

"ಸಾರ್, ಲಾಲಾ ಹೇಳ್ತಾನೆ, ಇದು ಅಜ್ಜಿ ಅಂತೆ."

"ಒಳ್ಳೇದನ್ನ ಉಳಿಸ್ಕೊಳ್ಳೋಕೆ ವ್ಯಾಪಾರಿ ಹಂಗೇ ಹೇಳೋದು. ನೀನು ಸುಮ್ನಿರಯ್ಯಾ, ನಿಂದು ಮೀನಿನ ಸೀಮೆ."

ಕಸಾಯಿಖಾನೆಯಲ್ಲಿ ಕೊಯ್ಯಿಸಿ ತಂದ ಅಜ್ಜಿ ಮಧ್ಯಾಹ್ನ ಅದ್ಲಿಯಾದ ಅಡುಗೆಮನೆ ಸೇರಿದಳು. ಕೆಂಚಪ್ಪನವರ ಹೆಂಡತಿ ಜಯಕ್ಕ ಮಾತು ಕಮ್ಮಿಯ ಹೆಂಗಸು. ಆ ಮನೆಯಲ್ಲಿ ಮಾತಿಗೆ ಜಾಗವೂ ಇರಲಿಲ್ಲ. ಕುಕ್ಕರ್ ಕೂಗಿತು, ಮತ್ತೆ ಕೂಗಿತು, ಕಾಫಿ ಅಂಗಡಿಯವರು ಮೇಲೆ ನೋಡುವವರೆಗೂ ಕೂಗಿತು. ಮಾಂಸ ಮೆತ್ತಗಾಗಲೆಂದು ಜಯಕ್ಕ ಪರಂಗಿಕಾಯಿ ಹೆಚ್ಚಿ ಹಾಕಿದರು. ತೆಂಗಿನ ಚಿಪ್ಪಿನ ಚೂರು ಹಾಕಿದರು. ಕಡೆಗೆ ದೇವರ ಮೇಲೆ ಭಾರ ಹಾಕಿ, ಬೀಗರ ಜೊತೆ ಮಂಜು, ನಾನೂ ಕೂತಿದ್ದ ಎಲೆಗಳ ಸಾಲಿಗೆ ಬಡಿಸಿದರು.

ಮುದ್ದೆ ಸರಾಗವಾಗಿ ಇಳಿಯಿತು. ಸಾರಿಗೂ ಏನೂ ಕೊರತೆಯಿರಲಿಲ್ಲ. ತುಂಡು ಬಾಯಿಗೆ ಹೋದ ಮೇಲೆ ಕೋಣೆಯಲ್ಲಿ ಮಾತು ನಿಂತಿತು. ಎಲ್ಲರ ದವಡೆಗಳೂ ಒಂದೇ ಸಮ ಆಡುತ್ತಿದ್ದವು, ಯಾರ ಗಂಟಲೂ ಆಡುತ್ತಿರಲಿಲ್ಲ.

"ಎಳೇದು," ಎಂದರು ಕೆಂಚಪ್ಪನವರು, ಒಂದು ಕೆನ್ನೆಯಲ್ಲಿ ತುಂಡನ್ನು ನಿಲ್ಲಿಸಿಕೊಂಡು.

"ಭಾಳ ಎಳೇದು," ಎಂದರು ಹನುಮಂತಪ್ಪನವರು. ಅಷ್ಟರಲ್ಲಿ ಅವರ ಕಟ್ಟಿಸಿದ ಹಲ್ಲು ಬಾಯೊಳಗೆ ಟಕ್ ಎಂದು ಕಳಚಿತು.

ಆಗ ಅವರ ಹೆಂಡತಿ ಕರಿಯಮ್ಮನವರು ತುಂಡನ್ನು ಎಲೆಯ ಅಂಚಿಗೆ ಇಟ್ಟು ನಕ್ಕರು. ಸೀರೆಯ ಸೆರಗಿನೊಳಗಿನ ನಗೆಯಲ್ಲ, ಕೋಣೆ ತುಂಬುವ ನಗೆ. "ಇದು ಮರಿ ಅಲ್ಲ, ಮರಿಗಳ ಅವ್ವ. ಅವ್ವನ ಅವ್ವ ಇದ್ರೂ ಇರಬಹುದು. ಹಲ್ಲು ಯಾರು ನೋಡಿದ್ರಿ?"

"ನಾವಿಬ್ರೂ ನೋಡಿದ್ವಿ. ಮೇಲೆ ಒಂದೂ ಇರಲಿಲ್ಲ," ಎಂದರು ಕೆಂಚಪ್ಪನವರು.

"ಮೇಲಾ? ಕುರಿಗೆ ಮೇಲೆ ಮುಂದಿನ ಹಲ್ಲು ಎಲ್ಲಿಂದ ಬರಬೇಕು? ಕೆಳಗೆ ನೋಡ್ತಾರೆ ಯಾರಾದ್ರೂ."

ಇಬ್ಬರು ಗಂಡಸರೂ ಕೈಯಲ್ಲಿದ್ದ ತುಂಡನ್ನು ಎಲೆಗೆ ಹಾಕಿದರು. ಆಮೇಲೆ ತಪ್ಪು ಯಾರದೆಂಬ ವಾದ ಹೊತ್ತಿಕೊಂಡಿತು. ಹಾಲುಮರಿ ಎಂದು ಮೊದಲು ಕೂಗಿದವರು ಯಾರು, ಹಾಲು ಆರಿಲ್ಲ ಎಂದು ಒತ್ತು ಕೊಟ್ಟವರು ಯಾರು? ತೋಳ ಹಿಡಿದ ಅಜ್ಜಂದಿರೂ ಬಂದರು. ಕುರಿಯ ವಿಷಯ ಮುಗಿದು ಮನೆತನದ ವಿಷಯ ಬಂತು. ಹನುಮಂತಪ್ಪನವರು ಕೈ ತೊಳೆಯದೆ ಎದ್ದರು.

"ಹಲ್ಲು ನೋಡಾಕೆ ಬರದ ಮನೆಯಿಂದ ಹೆಣ್ಣು ತರಂಗಿಲ್ಲ. ಮಂಜು, ನಾಳಿದ್ದು ನಾವು ಹೊರಟ್ವಿ. ಈ ಮಾತು ಇಲ್ಲಿಗೆ ಮುಗೀತು."

ಬಾಗಿಲು ಹಾಕಿಕೊಂಡ ಮೇಲೆ ಶುಭಾ ಎಲೆಗಳ ನಡುವೆ ನಿಂತು ತಂದೆಯನ್ನೇ ನೋಡಿದಳು. "ಇಬ್ಬರು ಗಂಡಸರು ತಪ್ಪು ತುಟಿ ಎತ್ತಿದ್ದಕ್ಕೆ ನಾನು ಮಂಜುನ ಬಿಡಬೇಕಾ ಅಪ್ಪಾ? ನನಗೆ ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಬಾಯೇನು ಬಿದ್ದು ಹೋಗಲ್ಲ."

ಕೆಂಚಪ್ಪನವರ ಬಾಯಿಂದ ಆ ಮಾತು ಹೊರಟಿದ್ದನ್ನು ಬಹರೈನಿನಲ್ಲಿ ಯಾರೂ ಕೇಳಿದವರಿರಲಿಲ್ಲ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗಲೇ ಅವರು ಹೊರಗೆ ನಿಂತಿದ್ದರು. ಶರ್ಟಿಗೆ ಇಸ್ತ್ರಿ ಇರಲಿಲ್ಲ.

"ಒಂದು ಕುರಿ ತಲೆ ತೆಗಿ."

ಶಫೀಕ್ ಒಂದು ತಲೆಯನ್ನು ದಿಮ್ಮಿಯ ಮೇಲಿಟ್ಟ. ನಾನೂ ಕೆಂಚಪ್ಪನವರೂ ಎರಡು ಕಡೆಯಿಂದ ಬಗ್ಗಿದೆವು. ಕೆಳಗೆ ಮುಂದಿನ ಹಲ್ಲುಗಳು ಸಾಲಾಗಿ ಕೂತಿದ್ದವು. ಮೇಲೆ ಗಟ್ಟಿ ವಸಡು, ಮಗುವಿನ ಹಿಮ್ಮಡಿಯ ಹಾಗೆ ನುಣ್ಣಗೆ. ಇಷ್ಟು ವರ್ಷ ತಲೆ ಮಾರಿದ್ದೇನೆ, ಅದರ ಬಾಯಿ ತೆರೆದು ನೋಡಿದ್ದು ನಾನೂ ಅಂದೇ ಮೊದಲು.

"ಶಫೀಕ್, ಇಲ್ಲಿ ಯಾವತ್ತೂ ಬರೋದಿಲ್ವಾ?" ಎಂದು ಕೆಂಚಪ್ಪನವರು ಮೇಲಿನ ವಸಡು ತೋರಿಸಿ ಹಿಂದಿಯಲ್ಲಿ ಕೇಳಿದರು.

"ಕಭೀ ನಹೀಂ ಸಾಬ್," ಎಂದ ಶಫೀಕ್, ಇದನ್ನೂ ಕೇಳುತ್ತಾರಲ್ಲ ಎನ್ನುವ ಮುಖದಲ್ಲಿ.

ಕೆಂಚಪ್ಪನವರು ಸ್ಟೂಲಿನ ಮೇಲೆ ಕೂತರು. "ಕುರಿ ಕಾದವನು ನಾನಲ್ಲ ಕಣಯ್ಯಾ ರಜಾಕು. ಓದೋಕೆ ಅಂತ ಚಿಕ್ಕವನಿದ್ದಾಗಲೇ ಹಾಸ್ಟೆಲಿಗೆ ಹಾಕಿಬಿಟ್ರು. ರಜಕ್ಕೆ ಹೋದಾಗ ಬಟ್ಟೆ ಗಲೀಜಾಗುತ್ತೆ ಅಂತ ನಮ್ಮಪ್ಪ ರೊಪ್ಪಕ್ಕೆ ಬಿಡ್ತಿರಲಿಲ್ಲ. ಬೇಲಿಯಾಚೆ ನಿಂತು ಅಜ್ಜಿ ಕೂಗೋದನ್ನ ಕೇಳ್ತಿದ್ದೆ. ಹಾಲುಮರಿ ತಾ, ಎರಡು ಹಲ್ಲಿಂದು ಹಿಡಿ, ಆ ಗೊಡ್ಡನ್ನ ಆಚೆಗೆ ಕಟ್ಟು. ನನ್ನ ಪಾಲಿಗೆ ಬಂದಿದ್ದು ಅಷ್ಟೇ." ಎದ್ದರು. "ಈ ತಲೆ ಕಟ್ಟಿಕೊಡು. ಗಾಡಿ ತೆಗಿ."

ಹೀಗೆ ಬೆಳಗಿನ ಕಾಫಿಯ ಹೊತ್ತಿಗೆ ನಾವಿಬ್ಬರೂ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕುರಿಯ ತಲೆ ಹಿಡಿದು ಹೋಟೆಲಿನ ಲಿಫ್ಟ್ ಹತ್ತಿದೆವು. ಹನುಮಂತಪ್ಪನವರು ಬಾಗಿಲು ತೆರೆದು ಮುಖ ತಿರುಗಿಸಿದರು. ಮಂಚದ ಮೇಲೆ ಸೂಟ್‌ಕೇಸು ಬಾಯಿ ತೆರೆದಿತ್ತು, ಕರಿಯಮ್ಮನವರು ಸೀರೆ ಮಡಿಸುತ್ತಿದ್ದರು. ಕೆಂಚಪ್ಪನವರು ಮೇಜಿನ ಮೇಲೆ ಚೀಲ ಬಿಚ್ಚಿ, ತಲೆಯನ್ನು ಹೊರಗಿಟ್ಟು, ಬಾಯಿ ಅಗಲಿಸಿದರು.

"ಇಲ್ಲಿ ನೋಡಿ ಬೀಗರೇ. ಮೇಲೆ ಬರೋದೇ ಇಲ್ಲ. ನನಗೆ ಗೊತ್ತಿರಲಿಲ್ಲ. ಕುರಿ ಸಾಕಿದ ಮನೆಯವನು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ, ಒಂದು ಕುರೀನೂ ಮೇಯಿಸಿಲ್ಲ. ತಪ್ಪು ನಂದು. ನನ್ನ ಮಗಳದ್ದಲ್ಲ."

ಹನುಮಂತಪ್ಪನವರು ಮೆಲ್ಲಗೆ ಹತ್ತಿರ ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳು ಹಾಕಿ ಮುಟ್ಟಿದರು.

"ಯಾವ ಕುರಿಗೂ ಬರಂಗಿಲ್ಲೇನು?"

"ಇಲ್ಲಂತೆ," ಎಂದೆ ನಾನು.

"ಮೇಕೆಗೆ?"

"ಮೇಕೆಗೂ ಇಲ್ಲ, ಎಮ್ಮೆಗೂ ಇಲ್ಲ," ಎಂದರು ಕರಿಯಮ್ಮನವರು ಸೀರೆಯಿಂದ ಕಣ್ಣೆತ್ತದೆ.

ಹನುಮಂತಪ್ಪನವರು ಕುರ್ಚಿಗೆ ಕುಸಿದರು. "ಅಂದ್ರೆ... ಇಷ್ಟು ವರ್ಷ ಹಬ್ಬಕ್ಕೆ ಅಂತ ಸಂತೆಯಾಗೆ ನಾನು ಆರಿಸಿ ಆರಿಸಿ ತಂದಿದ್ದು?"

"ಎಲ್ಲಾ ಅಜ್ಜೀರೇ," ಎಂದರು ಕರಿಯಮ್ಮನವರು. "ಅದಕ್ಕೇ ನಮ್ಮನೇಲಿ ಹಬ್ಬದ ಬಾಡು ಯುಗಾದಿಗೆ ಇಟ್ರೆ ಶಿವರಾತ್ರಿಗೆ ಬೇಯೋದು. ಹಾರ್ಡ್‌ವೇರ್ ಅಂಗಡಿ ಇಟ್ಟವರಿಗೆ ಮೊಳೆ ಗೊತ್ತಿರುತ್ತೆ, ಹಲ್ಲು ಹೆಂಗೆ ಗೊತ್ತಾಗಬೇಕು?"

ಮೊದಲು ನಕ್ಕವನು ನಾನು, ಅದು ಮರ್ಯಾದೆಯಲ್ಲ ಎಂದು ಗೊತ್ತಿದ್ದೂ. ಆಮೇಲೆ ಕೆಂಚಪ್ಪನವರು ನಕ್ಕರು. ಹನುಮಂತಪ್ಪನವರು ನಗಲು ಸ್ವಲ್ಪ ಸಮಯ ತೆಗೆದುಕೊಂಡರು, ಕಟ್ಟಿಸಿದ ಹಲ್ಲನ್ನು ಬಾಯಿಗೆ ಹಾಕಿಕೊಳ್ಳಬೇಕಿತ್ತು. ಕರಿಯಮ್ಮನವರು ಮಡಿಸಿದ ಸೀರೆಯನ್ನು ಸೂಟ್‌ಕೇಸಿನಿಂದ ಹೊರತೆಗೆದು ಮಂಚದ ಮೇಲಿಟ್ಟು, "ಹುಡುಗೀಗೆ ಫೋನ್ ಮಾಡ್ರಿ, ಅಳ್ತಾ ಕೂತಿರ್ತಾಳೆ" ಎಂದರು.

ಚಳ್ಳಕೆರೆಯಲ್ಲಿ ಮದುವೆ ಆಯಿತು. ನಿವೃತ್ತಿಯಾದ ಮೇಲೆ ಕೆಂಚಪ್ಪನವರೂ ಜಯಕ್ಕನೂ ಊರಿಗೆ ಹೊರಟರು, ವಿಮಾನ ನಿಲ್ದಾಣಕ್ಕೆ ಬಿಟ್ಟದ್ದು ನಾನೇ. ಕಂಬಳಿ, ಹಾಲಿನ ಪುಡಿ, ಖರ್ಜೂರದ ಡಬ್ಬಿಗಳ ನಡುವೆ ನಿಂತು ನನ್ನ ಭುಜ ಹಿಡಿದರು.

"ಆ ತಲೆ ವಿಷಯ ಯಾರಿಗೂ ಹೇಳಿಲ್ಲ ತಾನೇ?"

"ಅಯ್ಯೋ, ಇಲ್ಲ ಸಾರ್," ಎಂದೆ. ಅಷ್ಟರಲ್ಲಿ ನಾನು ಹೇಳದೆ ಉಳಿದ ಕನ್ನಡಿಗ ಮನಾಮಾದಲ್ಲಿ ಒಬ್ಬನೂ ಇರಲಿಲ್ಲ. ಅವರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಭುಜವನ್ನು ಇನ್ನೊಮ್ಮೆ ಬಲವಾಗಿ ಅದುಮಿ ಒಳಗೆ ಹೋದರು.

ಹೋದ ವರ್ಷ ಒಂದು ಬೆಳಿಗ್ಗೆ ಹನುಮಂತಪ್ಪನವರ ಫೋನ್ ಬಂತು. ಬೀಗರು ಹಿಂದಿನ ದಿನ ಎದೆನೋವು ಬಂದು ತೀರಿಕೊಂಡರು, ಮಣ್ಣು ಮುಗಿಯಿತು, ಹೆಗಲು ಕೊಟ್ಟು ಬಂದೆ ಎಂದರು. ಹೇಳುವುದು ಅಷ್ಟಕ್ಕೇ ಮುಗಿಯಿತು. ಅವರು ಫೋನ್ ಇಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ನಾನೂ ಇಡಲಿಲ್ಲ.